ಮಗ್ಗ ನಿಂತೈತ್ರಿ

ಕಳೆದ ತಿಂಗಳು ಚಿತ್ರದುರ್ಗದಲ್ಲಿ ನಮ್ಮ ಬಸ್ಸು ತಿಂಡಿಗೆ ನಿಂತಿತ್ತು. ಹೋಟೆಲಿನ ಗೋಡೆಯಲ್ಲಿ ಒಂದು ಟಿವಿ, ಯಾರಿಗೂ ಬೇಡವಾಗಿ ಅದರ ಪಾಡಿಗೆ ಅದು ಓಡುತ್ತಿತ್ತು. ಚಿತ್ರಾನ್ನದೊಳಗಿನ ಮೆಣಸಿನಕಾಯಿ ಆರಿಸುತ್ತಾ ಕೂತಿದ್ದವಳು ತಲೆ ಎತ್ತಿದರೆ, ಪರದೆಯ ಮೇಲೆ ನಿಂತುಹೋದ ಒಂದು ಕೈಮಗ್ಗ. ಅದರ ಪಕ್ಕ ಹೊಸ್ತಿಲಲ್ಲಿ ತಲೆತುಂಬ ಸೆರಗು ಹೊದ್ದು, ಮಡಿಲಲ್ಲಿ ಕೈಯಿಟ್ಟು ಕೂತ ಮುದುಕಿ. "ಅಯ್ಯೋ, ನೀಲವ್ವ!" ಎಂದು ಕೂಗಿಯೇಬಿಟ್ಟೆ. ಅಷ್ಟರಲ್ಲಿ ಗಂಡು ದನಿಯೊಂದು ಶೋಕದಲ್ಲಿ ಶುರುಮಾಡಿತು: "ಮಕ್ಕಳು ದೂರ. ಮಗ್ಗ ಮೌನ." ಮುಂದಿನ ಸಾಲು ಅವನಿಗಿಂತ ಮೊದಲು ನನ್ನ ಬಾಯಿಗೆ ಬಂತು. ಬರದೆ ಏನು, ಬರೆದವಳು ನಾನೇ.

"ಸುಳ್ಳು ಕಣ್ರೀ ಅದು, ಶುದ್ಧ ಸುಳ್ಳು!" ಎಂದು ಗಲ್ಲಾದ ಮುಂದೆ ಹೋಗಿ ನಿಂತೆ. ಯಜಮಾನರು ಗಾಬರಿಯಾಗಿ, "ಯಾಕೆ ಮೇಡಂ, ಚಿತ್ರಾನ್ನದಲ್ಲಿ ಏನಾದ್ರೂ ಇತ್ತಾ?" ಎಂದರು. ಅವರಿಗೆ ಏನೆಂದು ಹೇಳಲಿ. ಬಸ್ಸು ಹಾರನ್ ಹೊಡೆಯುತ್ತಿತ್ತು, ಹೋಗಿ ಕೂತೆ. ಆದರೆ ಆ ಮಳೆಗಾಲ ಮಾತ್ರ ನನ್ನನ್ನು ದಾರಿಯುದ್ದಕ್ಕೂ ಬಿಡಲಿಲ್ಲ.

ಬೆಂಗಳೂರಿನ ಒಂದು ಚಾನೆಲ್ಲಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ವಾರಕ್ಕೊಂದು ಊರನ್ನು ತೋರಿಸುವ ಅರ್ಧ ಗಂಟೆಯ ಕಾರ್ಯಕ್ರಮ. ಕ್ಯಾಮರಾದವರು ಹೋಗಿ ಚಿತ್ರ ತರುತ್ತಿದ್ದರು, ನಾನು ಕುರ್ಚಿಯಲ್ಲಿ ಕೂತು ಅದಕ್ಕೆ ಮಾತು ಬರೆಯುತ್ತಿದ್ದೆ. ತುಮಕೂರಿನವಳು ನಾನು, ಹೊಸದುರ್ಗದ ಆಚೆಗೆ ಕಾಲಿಟ್ಟವಳಲ್ಲ. ಉತ್ತರ ಕರ್ನಾಟಕ ಎಂದರೆ ನಮ್ಮ ಆಫೀಸಿನಲ್ಲಿ ಇದ್ದದ್ದು ಎರಡೇ ಕಡತ: ನೆರೆ, ಬರ. ಬಾಗಲಕೋಟೆ ನೆರೆಯ ಕಡತದಲ್ಲಿ, ಹುನಗುಂದ, ಇಳಕಲ್ ಬರದ ಕಡತದಲ್ಲಿ. ಬಾದಾಮಿ ಮಾತ್ರ ಗುಹೆಗಳ ಪುಣ್ಯದಿಂದ ಪ್ರವಾಸದ ಕಡತದಲ್ಲಿತ್ತು.

ಇಳಕಲ್ ನಮ್ಮ ಪಾಲಿಗೆ ಬಂದದ್ದೂ ಬಾದಾಮಿಯಿಂದಲೇ. ಗುಹೆ ತೆಗೆಯಲು ಹೋದ ಹುಡುಗರಿಗೆ ಒಂದು ದಿನ ಮಿಕ್ಕಿತು. ಸೀರೆಯ ಊರಲ್ಲವಾ, ಅದನ್ನೂ ಮುಗಿಸಿಕೊಂಡು ಬರೋಣ ಎಂದು ಗಾಡಿ ತಿರುಗಿಸಿದರು. ತಂದ ಚಿತ್ರ ನೋಡಿದರೆ ಬೀದಿ ಬೀದಿಯಲ್ಲೂ ನಿಂತ ಮಗ್ಗಗಳು. ಸದ್ದಿಲ್ಲ, ಸುದ್ದಿಯಿಲ್ಲ. ಒಬ್ಬ ಮುದುಕಿ. ಅವಳ ಮಗ್ಗದ ಮೇಲೆ ಒಂದಿಷ್ಟು ಹೂವು. ನನಗೆ ಹುರುಪೇ ಹುರುಪು! "ಸತ್ತ ಮಗ್ಗಕ್ಕೆ ಕೊನೆಯ ಹೂವು" ಎಂದು ಬರೆದೆ. "ಮಕ್ಕಳು ದೂರ, ಮಗ್ಗ ಮೌನ, ಈ ತಾಯಿಯ ಪಾಲಿಗೆ ತುತ್ತು ಹಾಕುವ ಕೈಯೂ ಇಲ್ಲ" ಎಂದು ಬರೆದೆ. ಸಂಕಲನದವನು ಬಣ್ಣ ತೆಗೆದು ಎಲ್ಲವನ್ನೂ ಬೂದಿ ಮಾಡಿದ. ನಮ್ಮ ಮುಖ್ಯಸ್ಥರು ಕಣ್ಣೊರೆಸಿಕೊಂಡು ನನ್ನ ಬೆನ್ನು ತಟ್ಟಿದರು. ಮಕ್ಕಳು ದೂರ ಇದ್ದಾರೆಂದು ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಚಿತ್ರದಲ್ಲಿ ಕಾಣಲಿಲ್ಲ, ಆದ್ದರಿಂದ ದೂರ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆಮೇಲೆ ಆ ಕೆಲಸ ಬಿಟ್ಟೆ, ಬ್ಯಾಂಕಿನ ಪರೀಕ್ಷೆ ಬರೆದೆ, ಪಾಸಾದೆ. ಮೊದಲ ಪೋಸ್ಟಿಂಗಿನ ಆದೇಶ ಬಿಡಿಸಿ ನೋಡಿದರೆ ಇಳಕಲ್! ಅಮ್ಮ ಆದೇಶಕ್ಕಿಂತ ನನ್ನ ಮುಖ ನೋಡಿ ಹೆದರಿದಳು. "ಆ ಸತ್ತ ಊರಿಗೆ ಒಬ್ಬಳೇ ಹೋಗ್ತೀಯೇನೇ? ನೀನೇ ಬರೆದಿದ್ದೆಯಲ್ಲೇ, ಅಲ್ಲಿ ತಿನ್ನಕ್ಕೂ ಇಲ್ಲ ಅಂತ" ಎಂದಳು. ಎರಡು ಕ್ಯಾನು ಕುಡಿಯುವ ನೀರು, ಹುರಿಹಿಟ್ಟು, ಜ್ವರದ ಮಾತ್ರೆ ಎಲ್ಲ ಕಟ್ಟಿಕೊಂಡು ಹೊರಟೆ.

ಜೂನ್ ಮೊದಲ ವಾರ. ಇಳಕಲ್ಲಿನ ಹೆದ್ದಾರಿಯಲ್ಲಿ ಇಳಿದಾಗ ಎದುರಿಗೆ ಕೆಂಪು ಗ್ರಾನೈಟಿನ ಬಂಡೆ ಹೊತ್ತ ಲಾರಿಗಳ ಸಾಲು. ಗಾಳಿ ಎಂದರೆ ಎಂಥ ಗಾಳಿ, ಕ್ಯಾನು ಹಿಡಿದವಳನ್ನು ಕ್ಯಾನಿನ ಸಮೇತ ಎತ್ತುವಂಥದ್ದು. ಬ್ಯಾಂಕಿನ ಸಿಪಾಯಿ ನನ್ನನ್ನು ಬಾಡಿಗೆ ಕೋಣೆ ತೋರಿಸಲು ಒಂದು ಓಣಿಗೆ ಕರೆದುಕೊಂಡು ಹೋದ. ಓಣಿಯ ಬಾಯಿಗೆ ಬರುತ್ತಿದ್ದಂತೆ ನಾನು ಗರ ಬಡಿದವಳಂತೆ ನಿಂತುಬಿಟ್ಟೆ. ಟಕ್ ಟಕಾ ಟಕ್, ಟಕ್ ಟಕಾ ಟಕ್. ಎಡಗಡೆ ಮಗ್ಗ, ಬಲಗಡೆ ಮಗ್ಗ, ಮನೆ ಮನೆಯಲ್ಲೂ ಮಗ್ಗ. ಹಿಂದಿನ ಬೀದಿಯಿಂದ ಕರೆಂಟಿನ ಮಗ್ಗಗಳ ಕಟಕಟ ಬೇರೆ. ಬಾಗಿಲ ಮುಂದೆ ಬಣ್ಣ ಹಾಕಿದ ನೂಲು ಒಣಗಲು ತೂಗುತ್ತಿತ್ತು; ದಾಳಿಂಬೆ ಬಣ್ಣದ್ದು, ನವಿಲು ಬಣ್ಣದ್ದು. ಈ ಊರನ್ನೇ ಅಲ್ಲವೇ ನಾನು ಹೂತು ಹೂವು ಹಾಕಿದ್ದು?

"ಇದು... ಮತ್ತೆ ಶುರುವಾಯ್ತಾ ಇಲ್ಲಿ ನೇಯ್ಗೆ?" ಎಂದು ಸಿಪಾಯಿಯನ್ನು ಕೇಳಿದೆ.

"ನಿಂತಿದ್ದು ಯಾವಾಗ್ರಿ ಮೇಡಮ್ಮಾರ, ಶುರು ಆಗಾಕ?" ಎಂದು ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ.

ಕೋಣೆ ಇದ್ದದ್ದು ನೀಲವ್ವನ ಮನೆಯ ಮಾಳಿಗೆಯ ಮೇಲೆ. ಕೆಳಗೆ ಗಿಳಿಹಸಿರು ಬಣ್ಣದ ಪಡಸಾಲೆ, ಅಲ್ಲೊಂದು ಕುಣಿಮಗ್ಗ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ದವಡೆಯಲ್ಲಿ ಎಲೆಯಡಿಕೆ ಒತ್ತಿಕೊಂಡು, ಎಪ್ಪತ್ತರ ಹತ್ತಿರದ ಹೆಂಗಸು ಲಾಳಿ ಓಡಿಸುತ್ತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೆಂಗ್ಳೂರಿಂದ ಬಂದಾಕಿ ನೀನೇನವ್ವ? ಬೆಂಗ್ಳೂರಾಗ ಹೆಂಗಸ್ರು ಮಲಗೂ ಮುಂದೂ ಜರತಾರಿ ಸೀರಿ ಉಟ್ಟು, ಮೈತುಂಬ ಬಂಗಾರ ಹಾಕ್ಕೋತಾರು. ದಿನಾ ಟೀವ್ಯಾಗ ನೋಡ್ತೇನಿ. ನೀ ಏನ ಹಿಂಗ ಬೋಳಬೋಳ ಬಂದೀ?"

ನಾನು ನಕ್ಕೆ. ಅವಳೂ ನಕ್ಕಳು, ಬಾಯ ತುಂಬ ಕೆಂಪು. ಒಳಮನೆಯ ಇನ್ನೊಂದು ಮಗ್ಗದಿಂದ ಅವಳ ಮಗ ಮಾಂತೇಶ ಎದ್ದು ಬಂದು ನನ್ನ ಕ್ಯಾನು ಇಳಿಸಿಕೊಂಡ. ಮೂವತ್ತರ ಒಳಗಿನವನು, ಮಾತು ಕಡಿಮೆ. "ನೀರ ಯಾಕ ಹೊತ್ಕೊಂಡ ಬಂದೀರಿ ಅಕ್ಕಾರ? ನೀರ ಐತಿ ಇಲ್ಲೆ" ಎಂದಷ್ಟೇ ಹೇಳಿದ.

ಮೂರು ವಾರ ಹೀಗೇ ಕಳೆಯಿತು. ಬೆಳಗ್ಗೆ ಆರಕ್ಕೆ ಕೆಳಗಿನ ಮಗ್ಗ ಶುರುವಾದರೆ ನನ್ನ ಮಂಚ ಅದರ ಲಯಕ್ಕೆ ಸಣ್ಣಗೆ ನಡುಗುತ್ತಿತ್ತು. ಮೊದಲ ವಾರ ತಲೆನೋವು ಬಂತು, ಎರಡನೆಯ ವಾರ ಅದೇ ನನ್ನ ಅಲಾರಂ ಆಯಿತು. ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಬ್ಯಾಂಕಿಗೆ ಓಡುತ್ತಿದ್ದೆ. ತಂದ ಹುರಿಹಿಟ್ಟಿಗೆ ಹುಳ ಬಿತ್ತು. ಅಲ್ಲೊಂದು ಇಲ್ಲೊಂದು ಮಳೆ ಬಂತು, ಬಂದಷ್ಟೇ ಬೇಗ ಗಾಳಿ ಅದನ್ನು ಹುನಗುಂದದ ಕಡೆಗೆ ಹೊಡೆದುಕೊಂಡು ಹೋಯಿತು. ಟಿವಿಯಲ್ಲಿ ಕೆಲಸ ಮಾಡಿದ್ದೆ ಎಂದು ನಾನು ಯಾರಿಗೂ ಹೇಳಲಿಲ್ಲ. ಆ ಮುದುಕಿ ಯಾರೋ, ಯಾವ ಓಣಿಯವಳೋ ಎಂದು ಆಗಾಗ ಅನ್ನಿಸುತ್ತಿತ್ತು. ಹುಡುಕುವ ಧೈರ್ಯ ಇರಲಿಲ್ಲ, ಬಾಯಿಗೆ ಬೀಗ ಹಾಕಿಕೊಂಡೆ.

ಆಮೇಲೆ ಆ ಭಾನುವಾರದ ಬೆಳಗು. ಎಚ್ಚರವಾಯಿತು, ಆದರೆ ಏನೋ ಸರಿಯಿಲ್ಲ. ಮಂಚ ನಡುಗುತ್ತಿಲ್ಲ. ಕಿವಿಗೊಟ್ಟರೆ ಪಕ್ಕದ ಮನೆಯಲ್ಲೂ ಇಲ್ಲ, ಎದುರು ಮನೆಯಲ್ಲೂ ಇಲ್ಲ. ಹಿಂದಿನ ಬೀದಿಯ ಕಟಕಟವೂ ಇಲ್ಲ. ಇಡೀ ಊರಿನ ಉಸಿರೇ ನಿಂತಂತಾಗಿತ್ತು. ಯಾರೋ ಸತ್ತಿದ್ದಾರೆ, ದೊಡ್ಡವರೇ ಸತ್ತಿದ್ದಾರೆ ಎಂದುಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದೆ.

ಇಳಿದವಳು ಕೊನೆಯ ಮೆಟ್ಟಿಲಲ್ಲೇ ನಿಂತೆ. ನಿಂತ ಮಗ್ಗ. ಮಗ್ಗದ ಮೇಲೆ ಒಂದಿಷ್ಟು ಹೂವು. ಮಿಂದು, ತಲೆತುಂಬ ಸೆರಗು ಹೊದ್ದು, ಮಡಿಲಲ್ಲಿ ಕೈಯಿಟ್ಟು ಹೊಸ್ತಿಲಲ್ಲಿ ಕೂತ ಮುದುಕಿ. ಬಾಯಲ್ಲಿ ಎಲೆಯಡಿಕೆ ಇರಲಿಲ್ಲ, ನಗು ಇರಲಿಲ್ಲ, ಸುಮ್ಮನೆ ಬೀದಿ ನೋಡುತ್ತಿದ್ದಳು. ಗೋಡೆಯ ಗಿಳಿಹಸಿರನ್ನು ತೆಗೆದು ಬೂದಿ ಬಳಿದರೆ ಅದೇ ಚಿತ್ರ. ಮೂರು ವಾರದಿಂದ ಅವಳ ಕೈಯ ರೊಟ್ಟಿ ತಿನ್ನುತ್ತಿದ್ದೇನೆ, ಗುರುತು ಸಿಕ್ಕಿರಲಿಲ್ಲ! ಗೋಡೆ ಹಿಡಿದುಕೊಂಡೆ.

"ಯವ್ವ... ಮಗ್ಗ ಯಾಕೆ ನಿಂತಿದೆ? ಯಾರಿಗೇನಾಯ್ತು?"

"ಯಾರಿಗೇನ ಆಗೇತಿ? ಹುಚ್ಚಿ! ಮಗ್ಗ ನಿಂತೈತವ್ವ, ಇವತ್ತ ಅಮಾಸಿ ಐತಲ್ಲ. ಮಣ್ಣೆತ್ತಿನ ಅಮಾಸಿ. ಅಮಾಸಿ ದಿನ ಈ ಊರಾಗ ಯಾರೂ ಲಾಳಿ ಹಿಡಿಯಂಗಿಲ್ಲ. ತಿಂಗಳಾನಗಟ್ಲೆ ದುಡಿತೈತಿ, ಅದಕ್ಕೂ ಒಂದ ದಿನ ಉಸರ ಬಿಡಾಕ ಕೊಡಬೇಕಿಲ್ಲೋ? ಹೋಳಿಗಿ ಮಾಡೇನಿ, ಲಗೂನ ಜಳಕಾ ಮಾಡಿ ಬಾ."

ಜಳಕ ಎಲ್ಲಿಂದ ಬಂತು. ಮೇಲೆ ಓಡಿ ಬಾಗಿಲು ಹಾಕಿಕೊಂಡೆ. ಒಂದೂಕಾಲು ವರ್ಷದ ಹಿಂದಿನ ಆ ಕತ್ತರಿಸದ ಚಿತ್ರ ಒಂದೊಂದು ಮಾತಿನ ಸಮೇತ ತಲೆಯಲ್ಲಿ ಓಡಿತು. ಆ ದಿನ ಅವಳು ಕ್ಯಾಮರಾದ ಮುಂದೆ ಇದನ್ನೇ ಹೇಳಿದ್ದಳು. ನಾನೇ ಕೇಳಿಸಿಕೊಂಡಿದ್ದೆ. "ಮಗ್ಗ ನಿಂತೈತ್ರಿ. ಇವತ್ತ ಯುಗಾದಿ ಅಮಾಸಿ ಐತಲ್ರಿ. ನಾಳೆ ಬರ್ರಿ, ಓಡೂದನ್ನ ತೋರಸ್ತೇನಿ." ಅಮಾವಾಸ್ಯೆ, ಗಿಮಾವಾಸ್ಯೆ, ಯಾವುದೋ ಮೂಢನಂಬಿಕೆಯ ಮಾತು, ಸುಮ್ಮನೆ ಎಳೆಯುತ್ತದೆ ಎಂದುಕೊಂಡು ನಾನು ಸಂಕಲನದವನಿಗೆ ಚೀಟಿ ಬರೆದಿದ್ದೆ: 'ನಿಂತೈತ್ರಿ' ಆದ ಮೇಲೆ ಕತ್ತರಿಸು. ಅವನು ಕತ್ತರಿಸಿದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಜ್ಜಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಪ್ರಮಾಣಿಸುವುದಿರಲಿ, ಪ್ರಮಾಣ ಬಾಯಿಬಿಟ್ಟು ಮಾತಾಡಿದರೂ ಅದನ್ನೇ ಕತ್ತರಿಸಿ ಎಸೆದವಳು ನಾನು.

ಆ ಮಧ್ಯಾಹ್ನ ಹೋಳಿಗೆ ಕೊಡಲು ಮೇಲೆ ಬಂದವಳು ಪಕ್ಕದ ಮನೆಯ ಮಾಬೂಬಿ. ನೀಲವ್ವನ ಮಗ್ಗಗಳಿಗೆ ನೂಲು ಸುತ್ತಿಕೊಡುವವಳು, ಇಪ್ಪತ್ತು ವರ್ಷದಿಂದ ಅವಳ ಗೆಳತಿ. ನಾನು ಮೆಲ್ಲಗೆ ಟಿವಿಯ ಮಾತೆತ್ತಿದೆ. ಅವಳ ಮುಖ ಕಪ್ಪಿಟ್ಟಿತು.

"ಆ ಹೆಸರ ಎತ್ತಬ್ಯಾಡ್ರಿ ಅಕ್ಕಾರ. ಅದರಿಂದ ಈ ಮನಿ ಹಾಳಾತು. ಮಾಂತೇಶಗ ಕೆರೂರಾಗ ಹುಡ್ಗಿ ಗೊತ್ತಾಗಿತ್ತು. ಸವಿತಾ ಅಂತ, ಬಂಗಾರದಂಥ ಹುಡ್ಗಿ. ಟೀವ್ಯಾಗ ಬಂದ ಎಂಟ ದಿನಕ್ಕ ಬೀಗರು ಬಂದು ಬ್ಯಾಡ ಅಂದ ಹೋದ್ರು. ತಾಯಿಗೆ ಕೂಳ ಹಾಕದವ ಹೆಂಡ್ತೀನ್ನ ಏನ ನೋಡ್ಕೋತಾನ, ಮಗ್ಗಾನೂ ಬಂದ ಆಗ್ಯಾವಂತ, ಅಂದ್ರು. ಅಲ್ರೀ, ಆ ಹುಡುಗ ಅವತ್ತೊಂದ ದಿನ ಬಾದಾಮಿ ಬನಶಂಕರಿಗೆ ಹೋಗಿದ್ದ, ಅಮಾಸಿ ಅಂತ. ಇಲ್ಲಾಂದ್ರ ತಾಯಿನ್ನ ಬಿಟ್ಟು ಒಂದಿನ ಇದ್ದವಲ್ಲ."

ಕ್ಯಾಮರಾದ ಗಾಡಿ ಬಾದಾಮಿಯಿಂದ ಇತ್ತ ಬರುವಾಗ ಅವನ ಬಸ್ಸು ಅತ್ತ ಹೋಗುತ್ತಿತ್ತು. ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿರಬೇಕು. ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ವಾಪಸು ಇಟ್ಟೆ.

"ಆ ಹುಡುಗಿಗೆ ಮದುವೆ ಆಯ್ತಾ?"

"ಇನ್ನೂ ಎಲ್ಲೂ ಕೂಡಿಲ್ಲಂತ. ಆಕಿ ಮನಸೂ ಇಲ್ಲೇ ಐತಿ ಅಂತಾರ. ಆದ್ರ ಅಪ್ಪ ಕೇಳಬೇಕಲ್ರಿ."

ಹಾಗಾದರೆ ಇನ್ನೂ ಕಾಲ ಮಿಂಚಿಲ್ಲ! ಈಗಲೇ ಇಳಿದು ಹೋಗಿ, ತಪ್ಪಾಯ್ತು ಎಂದು ನೀಲವ್ವನ ಕಾಲು ಹಿಡಿದು, ನಾಳೆಯೇ ಕೆರೂರಿಗೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಸಂಜೆ ಹೇಳೋಣ ಎಂದುಕೊಂಡೆ. ಸಂಜೆ, ನಾಳೆ ಎಂದುಕೊಂಡೆ. ಮನೆಯಿಂದ ಹೊರಗೆ ಹಾಕುತ್ತಾರೆ, ಊರೆಲ್ಲ ಸೇರಿ ಉಗಿಯುತ್ತದೆ, ಬ್ಯಾಂಕಿನವರೆಗೂ ಸುದ್ದಿ ಹೋಗುತ್ತದೆ ಎಂಬ ಹೆದರಿಕೆ. ಹಳೆಯ ಆಫೀಸಿಗೆ ಫೋನು ಮಾಡಿ, ಆ ವಿಡಿಯೊ ತೆಗೆಯಿರಿ, ಅದು ಸುಳ್ಳು ಎಂದೆ. "ಏನ್ ಹೇಳ್ತಿದೀರಾ? ಅದು ಚೆನ್ನಾಗಿ ಓಡ್ತಿದೆ. ಜನ ಅಳ್ತಿದಾರೆ. ನೀವೇ ಬರೆದಿದ್ದಲ್ವಾ?" ಎಂದರು. ಹೀಗೆ ಆಷಾಢ ಪೂರ್ತಿ ನಾನು ಮೂಗಿಯ ಹಾಗೆ ಮೆಟ್ಟಿಲು ಹತ್ತಿ ಇಳಿದೆ. ಕೆಳಗೆ ತಾಯಿ ಮಗ ಇಬ್ಬರೂ ನನಗೆ ಚಹಾ ಕೊಡುತ್ತಿದ್ದರು, ನಾನು ಕುಡಿಯುತ್ತಿದ್ದೆ.

ನಾಗರ ಅಮಾವಾಸ್ಯೆಯ ಹಿಂದಿನ ದಿನ ಭಾನುವಾರ. ನೀಲವ್ವ ಟ್ರಂಕು ತೆಗೆದು ಬಟ್ಟೆಗಳಿಗೆ ಗಾಳಿ ಆಡಿಸುತ್ತಿದ್ದಳು. ತಳದಿಂದ ಒಂದು ಸೀರೆ ತೆಗೆದು ನನ್ನ ತೊಡೆಯ ಮೇಲಿಟ್ಟಳು. ದಾಳಿಂಬೆ ಬಣ್ಣದ ಒಡಲು, ಕೆಂಪು ರೇಷ್ಮೆಯ ಸೆರಗು. ಇಳಕಲ್ಲಿನ ಸೀರೆಯಲ್ಲಿ ಉದ್ದದ ಎಳೆಗಳ ಹಾಸು ಒಡಲಿಗೆ ಬೇರೆ, ಸೆರಗಿಗೆ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

"ನಮ್ಮನ್ಯಾಗ ಸೊಸಿ ಸೀರಿ ಅತ್ತೀನ ನೇಯಬೇಕು. ಇದು ಸವಿತಾಗ ನೇಯ್ದಿದ್ದು. ನಾನು, ಮಾಂತೇಶ ಇಬ್ಬರೂ ಎದರಾಬದರ ಕುಂತು ಕೊಂಡಿ ಹಾಕಿದ್ವಿ. ಒಂದೊಂದ ಕೊಂಡಿಗೂ ಆಕಿ ಹೆಸರ ಅಂದೇನಿ. ಇದನ್ನ ಮಾರಾಕೂ ಬರೂದಿಲ್ಲ, ಬ್ಯಾರೇದಾಕಿಗೆ ಉಡಸಾಕೂ ಬರೂದಿಲ್ಲ."

ಅಷ್ಟೇ. ನನ್ನ ಕಟ್ಟೆ ಒಡೆಯಿತು. ಎಲ್ಲ ಹೇಳಿದೆ. ಕುರ್ಚಿ, ಚೀಟಿ, ಕತ್ತರಿ, ಹೂವಿನ ಸಾಲು, ಏನೂ ಬಿಡಲಿಲ್ಲ. ಬೈಗುಳಕ್ಕೆ ತಲೆ ಬಗ್ಗಿಸಿ ಕೂತೆ. ಬೈಗುಳ ಬರಲಿಲ್ಲ.

"ಆ ಮಾತು ನೀ ಬರದದ್ದೇನವ್ವ?" ಎಂದಳು. "ಅದನ್ನ ಕೇಳಿ ನಾ ಅತ್ತಿದ್ನಿ. ಖರೇನ ಅತ್ತಿದ್ನಿ. ಅಯ್ಯ ಪಾಪ, ಆ ಮುದುಕಿಗೆ ಯಾರೂ ಇಲ್ಲಲ್ಲಪಾ, ಒಂದ ತುತ್ತ ಹಾಕವ್ರೂ ಇಲ್ಲಲ್ಲಾ ಅಂತ. ಮಾಂತೇಶ ಬಂದು, ಯವ್ವಾ ಅದು ನೀನ ಅಲ್ಲೇನು ಅಂದ ಮ್ಯಾಲ ನನಗ ಹೊಳೀತು."

ತನ್ನದೇ ಮುಖ, ತನ್ನದೇ ಮಗ್ಗ, ತನ್ನದೇ ಹೊಸ್ತಿಲು. ಅದನ್ನೆಲ್ಲ ನೋಡಿಯೂ ಅವಳು ಯಾರೋ ಅನಾಥೆ ಎಂದು ಅಳುವ ಹಾಗೆ ನಾನು ಬರೆದಿದ್ದೆ.

ಒಳಮನೆಯ ಮಗ್ಗ ನಿಂತಿತ್ತು. ಮಾಂತೇಶ ಬಾಗಿಲಲ್ಲಿ ಇದ್ದ, ಎಲ್ಲ ಕೇಳಿಸಿಕೊಂಡಿದ್ದ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಒಂದ ದಿನ ನಾ ಮನ್ಯಾಗ ಇರಲಿಲ್ರಿ ಅಕ್ಕಾರ. ಒಂದ ದಿನ. ಮಗ ಇದ್ದಾನೇನು ಅಂತ ಒಂದ ಮಾತ ಕೇಳಬಾರದಾಗಿತ್ತ?"

"ನಾಳೆ ಕೆರೂರಿಗೆ ಹೋಗೋಣ, ನಾನೇ ಹೇಳ್ತೀನಿ" ಎಂದೆ. ಅವನು ಬರಲಿಲ್ಲ. ನೀಲವ್ವ ಮಾತ್ರ ಸೀರೆಯನ್ನು ಚೀಲಕ್ಕೆ ಹಾಕಿಕೊಂ‍ಡು ಹೊರಟಳು. ಅಮಾವಾಸ್ಯೆ, ಅವಳಿಗೂ ರಜೆ. ನಾನು ಬ್ಯಾಂಕಿಗೆ ರಜೆ ಹಾಕಿದೆ.

ಹುನಗುಂದದಲ್ಲಿ ಒಂದು ಬಸ್ಸು, ಬಾಗಲಕೋಟೆಯಲ್ಲಿ ಒಂದು. ಕಮತಗಿ ದಾಟುವಾಗ ಸಣ್ಣ ಮಳೆ ಹಿಡಿಯಿತು. ಕಪ್ಪು ಹೊಲಗಳ ತುಂಬ ಹೆಸರು ಹೂಬಿಟ್ಟು ನಿಂತಿತ್ತು. ಟಿವಿಯಲ್ಲಿ ನಾನು ಕಂಡ ಬಾಗಲಕೋಟೆ ಎಂದರೆ ಎದೆಮಟ್ಟ ನೀರು, ದೋಣಿ, ಕೂಗಾಟ. ಇಲ್ಲಿ ನೋಡಿದರೆ ಅಗಲ ರಸ್ತೆಗಳ ನವನಗರ, ಸೆಕ್ಟರಿಗೆ ನಂಬರು, ಶಾಲೆಗೆ ಹೋಗುವ ಸೈಕಲ್ಲುಗಳು. "ಹಳೀ ಊರಿನ ಅರ್ಧ ನೀರಾಗ ಹೋತು, ಅದು ಖರೆ" ಎಂದಳು ನೀಲವ್ವ. "ಆದ್ರ ಮಂದಿ ನೀರಾಗ ಕುಂತಾರೇನು? ಎದ್ದು ಬಂದು ಮನಿ ಕಟ್ಟಿದ್ರು. ಅದನ್ನ ಯಾಕ ತೋರ್ಸೂದಿಲ್ಲವ್ವ ನೀವು?" ನೀವು ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ.

ಕೆರೂರೂ ನೇಕಾರರ ಊರೇ. ಸವಿತಾಳ ಅಪ್ಪ ಸಂಗಪ್ಪ ಅಲ್ಲಿ ಕಿರಾಣಿ ಅಂಗಡಿ ಇಟ್ಟವರು. ಒಳ್ಳೆಯ ಮನುಷ್ಯರೇ. ನೀಲವ್ವನನ್ನು ಕಂಡು ಗಡಬಡಿಸಿ ಎದ್ದರು. "ಬರ್ರಿ ನೀಲವ್ವಾರ, ಕುಂದರ್ರಿ, ಚಾ ತರಸ್ತೇನಿ" ಎಂದು ಉಪಚಾರ ಮಾಡಿದರು. ನಾನು ತಡಮಾಡಲಿಲ್ಲ. ಟಿವಿಯಲ್ಲಿ ಬಂದದ್ದೆಲ್ಲ ಸುಳ್ಳು, ಬರೆದವಳು ನಾನೇ, ಮಾಂತೇಶನಂಥ ಮಗ ಊರಿಗೊಬ್ಬ ಇಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಸಂಗಪ್ಪ ನನ್ನನ್ನು ಕನಿಕರದಿಂದ ನೋಡಿದರು. "ಟೀವ್ಯಾಗಿನ ದನಿ ಗಂಡಸಿಂದು ಇತ್ತಲ್ರಿ ಬಾಯಾರ" ಎಂದರು.

ನಂಬಲಿಲ್ಲ! ನೀಲವ್ವ ಬಾಡಿಗೆಯವಳಿಗೆ ಹೇಳಿಕೊಟ್ಟು ಕರೆತಂದಿದ್ದಾಳೆ ಎಂದುಕೊಂಡರು. ಕುರ್ಚಿಯಲ್ಲಿ ಕೂತು ಸುಳ್ಳು ಬರೆದಾಗ ಇಡೀ ನಾಡು ನಂಬಿತ್ತು. ಎದುರು ನಿಂತು ನಿಜ ಹೇಳಿದರೆ ಒಬ್ಬ ನಂಬುತ್ತಿಲ್ಲ. "ಅಲ್ರೀ, ನೀವೇ ಹೋಗಿ ನೋಡಬಹುದಿತ್ತಲ್ಲ, ಇಳಕಲ್ಲೇನು ದೂರವಾ?" ಎಂದು ಸಿಟ್ಟಿನಿಂದ ಕೇಳಿದೆ.

"ನಾ ಕಣ್ಣಾರೆ ನೋಡೇನ್ರಿ, ಟೀವ್ಯಾಗ. ಓಣಿ ಓಣಿ ಮಗ್ಗ ನಿಂತಿದ್ವು. ಹಾಡಹಗಲ. ಒಂದಾದ್ರೂ ಓಡತಿತ್ತೇನ್ರಿ?"

ಆಗ ನೀಲವ್ವ ಬಾಯಿಬಿಟ್ಟಳು. "ಸಂಗಪ್ಪಾ, ಇವತ್ತ ನಿಮ್ಮ ಕೆರೂರಾಗ ಮಗ್ಗ ಓಡ್ಯಾವೇನು?"

"ಇವತ್ತ ಹೆಂಗ ಓಡತಾವ? ಇವತ್ತ ಅಮಾ..."

ಮಾತು ಅಲ್ಲೇ ನಿಂತಿತು. ಅವರ ಬಾಯಿ ಹಾಗೇ ತೆರೆದಿತ್ತು. ಅಂಗಡಿಯ ಹೊಸ್ತಿಲಿಗೆ ಅಮಾವಾಸ್ಯೆಯ ಕಾಯಿ ಒಡೆದ ಗುರುತು ಇನ್ನೂ ಹಸಿಯಾಗಿತ್ತು. ಹುಟ್ಟಿದಾಗಿನಿಂದ ತಿಂಗಳಿಗೊಮ್ಮೆ ನಿಂತ ಮಗ್ಗಗಳನ್ನು ನೋಡುತ್ತಲೇ ಬೆಳೆದ ಮನುಷ್ಯ! ಅದನ್ನೇ ಟಿವಿಯಲ್ಲಿ ತೋರಿಸಿದಾಗ ಅವರಿಗೂ ಹೊಳೆದಿರಲಿಲ್ಲ. ತುಮಕೂರಿನ ನನಗೆ ಹೊಳೆಯಲಿಲ್ಲ ಎಂದರೆ ದಡ್ಡತನ. ಇವರಿಗೆ ಏನಾಗಿತ್ತು?

"ಅವತ್ತ ಯುಗಾದಿ ಅಮಾಸಿ ಇತ್ತು" ಎಂದಳು ನೀಲವ್ವ.

ಸಂಗಪ್ಪ ತಕ್ಕಡಿಯ ತಟ್ಟೆಯನ್ನು ಸುಮ್ಮನೆ ಒರೆಸುತ್ತಾ ನಿಂತರು. "ತಪ್ಪ ಆತ್ರಿ" ಎಂದರು. ನನ್ನ ಎದೆಯಲ್ಲಿ ಆಸೆ ಎದ್ದಿತು. ಆದರೆ ಅವರು ತಲೆ ಎತ್ತಲಿಲ್ಲ. "ಸವಿತಾನ್ನ ಗದ್ದನಕೇರಿ ಕಡಿ ಹುಡುಗಗ ಕೊಡ್ತೇವಂತ ಮಾತ ಕೊಟ್ಟ ಬಿಟ್ಟೇವ್ರಿ. ಆಷಾಢ ಅಂತ ನಿಶ್ಚೆ ಮಾಡಿಲ್ಲ. ಮಾತ ಕೊಟ್ಟು ಹತ್ತ ದಿನ ಆತು. ಶ್ರಾವಣದಾಗ ಮದ್ವಿ. ಕೊಟ್ಟ ಮಾತ ತಿರುಗಸಾಕ ಬರೂದಿಲ್ರಿ."

ಹತ್ತು ದಿನ! ಮಣ್ಣೆತ್ತಿನ ಅಮಾವಾಸ್ಯೆಯಿಂದ ನಾನು ಬಾಯಿ ಮುಚ್ಚಿಕೊಂಡು ಕಳೆದದ್ದು ಒಂದು ತಿಂಗಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೇ ಇದ್ದರೂ ಹೋಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಮೊದಲಿನದು ತಿಳಿಯದೆ ಮಾಡಿದ ಪಾಪ. ಇದನ್ನು ತಿಳಿದೂ ಮಾಡಿದ್ದೆ.

"ನಮಗ ಕೊಟ್ಟದ್ದೂ ಮಾತ ಇತ್ತಲ್ಲೋ ಸಂಗಪ್ಪ" ಎಂದಳು ನೀಲವ್ವ. ದನಿ ಎತ್ತಲಿಲ್ಲ. ಚೀಲದಿಂದ ಸೀರೆ ತೆಗೆದು ತಕ್ಕಡಿಯ ಪಕ್ಕ ಇಟ್ಟಳು. "ಇದು ಆಕಿ ಹೆಸರಿಲೆ ನೇಯ್ದದ್ದು. ಆಕೀಗೆ ಸೇರಬೇಕು. ಉಡ್ಲಿ, ಸುಖವಾಗಿರ್ಲಿ." ಒಳಬಾಗಿಲ ಪರದೆಯ ಹಿಂದೆ ಬಳೆಯ ಸದ್ದಾಯಿತು. ಯಾರೂ ಹೊರಗೆ ಬರಲಿಲ್ಲ. ನಾವು ಚಹಾ ಕುಡಿಯದೆ ಎದ್ದೆವು.

ಬಸ್ಸಿನಲ್ಲಿ ನೀಲವ್ವ ಖಾಲಿ ಚೀಲವನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು. ಹುನಗುಂದ ಬಂದಾಗ ನನ್ನ ಕೈ ಹಿಡಿದು, "ಅಳಬ್ಯಾಡ ಸುಮ್ಮನಿರು, ಮಂದಿ ನೋಡ್ತಾರ" ಎಂದಳು. ಅಳುತ್ತಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ. ಮಾಂತೇಶ ಬಾಗಿಲಲ್ಲೇ ನಿಂತಿದ್ದ. ತಾಯಿಯ ಚೀಲ ಖಾಲಿಯಾದದ್ದನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ. ಚೀಲ ಇಸಿದುಕೊಂಡು ಗೂಟಕ್ಕೆ ತೂಗುಹಾಕಿದ.

ಮನೆ ಬಿಡು ಎಂದು ನನಗೆ ಯಾರೂ ಹೇಳಲಿಲ್ಲ. ರೊಟ್ಟಿಯೂ ನಿಲ್ಲಲಿಲ್ಲ. ಶ್ರಾವಣದ ಮಳೆ ಆ ಸಲ ಚೆನ್ನಾಗಿಯೇ ಬಂತು, ಸಿಡಿಮಿಡಿ ಇಲ್ಲದೆ ಹದವಾಗಿ. ಮಾಬೂಬಿಗೆ ಗೊತ್ತಾಗಿ ಎಂಟು ದಿನ ನನ್ನ ಜೊತೆ ಮಾತು ಬಿಟ್ಟಳು. ಒಂಬತ್ತನೆಯ ದಿನ ತಾನಾಗಿಯೇ ಬಂದು, "ನಿಮ್ಮ ಮ್ಯಾಲ ಸಿಟ್ಟ ಐತಿ, ಆದ್ರ ಖರೆ ಹೇಳೀರಿ" ಎಂದಳು. ಮಾಂತೇಶ ಮಾತ್ರ ಇನ್ನೂ ಮಾತು ಕಡಿಮೆ ಮಾಡಿದ. ಇದ್ದದ್ದೇ ಅಷ್ಟು, ಅದರಲ್ಲೂ ಕಡಿಮೆ.

ಶ್ರಾವಣ ಮುಗಿಯುತ್ತಾ ಬೆನಕನ ಅಮಾವಾಸ್ಯೆ ಬಂತು. ಈ ಸಲ ನಾನು ಮೊದಲೇ ಲೆಕ್ಕ ಇಟ್ಟಿದ್ದೆ. ಬೆಳಗ್ಗೆ ಎಚ್ಚರವಾದಾಗ ಕಣ್ಣು ಮುಚ್ಚಿಕೊಂಡೇ ಆ ಸದ್ದಿಲ್ಲದಿರುವಿಕೆಗೆ ಕಾದೆ. ಎದುರು ಮನೆ ನಿಶ್ಶಬ್ದ. ಹಿಂದಿನ ಬೀದಿ ನಿಶ್ಶಬ್ದ. ಆದರೆ ನನ್ನ ಮಂಚ ನಡುಗುತ್ತಿತ್ತು.

ಟಕ್ ಟಕಾ ಟಕ್.

ಕೆಳಗಿನಿಂದ. ನಮ್ಮ ಮನೆಯಿಂದಲೇ. ಮೊದಲ ಅಮಾವಾಸ್ಯೆಯಂದು ಸದ್ದು ನಿಂತದ್ದಕ್ಕೆ ಬೆಚ್ಚಿದ್ದೆ. ಇಂದು ಸದ್ದು ಕೇಳಿ ಅದಕ್ಕಿಂತ ಬೆಚ್ಚಿದೆ. ಬರಿಗಾಲಲ್ಲಿ ಇಳಿದು ಓಡಿದೆ. ಪಡಸಾಲೆಯ ಮಗ್ಗದಲ್ಲಿ, ತಾಯಿಯ ಮಗ್ಗದಲ್ಲಿ, ಬಾಗಿಲು ಪೂರ್ತಿ ತೆರೆದಿಟ್ಟು ಮಾಂತೇಶ ನೇಯುತ್ತಿದ್ದ. ಮೀಯದೆ, ಪೂಜೆಯಿಲ್ಲದೆ, ಮಗ್ಗಕ್ಕೆ ಒಂದು ಹೂವೂ ಇಲ್ಲದೆ. ಓಣಿಯ ಮಂದಿ ತಂತಮ್ಮ ಬಾಗಿಲಲ್ಲಿ ಬಾಯಿಗೆ ಕೈಯಿಟ್ಟು ನಿಂತಿದ್ದರು. ನೀಲವ್ವ ಹೊಸ್ತಿಲಲ್ಲಿ ತಲೆತುಂಬ ಸೆರಗು ಹೊದ್ದು, ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು. ಮಾಬೂಬಿ ಅವಳ ಬೆನ್ನು ಸವರುತ್ತಿದ್ದಳು.

"ಮಾಂತೇಶ, ಇವತ್ತು ಅಮಾವಾಸ್ಯೆ ಅಲ್ವಾ" ಎಂದೆ.

"ಗೊತ್ತೈತ್ರಿ." ಲಾಳಿ ನಿಲ್ಲಲಿಲ್ಲ.

"ಮಗ್ಗಕ್ಕ ಒಂದ ದಿನ ಉಸರ ಬಿಡಾಕ ಕೊಡೋ ನನ್ನಪ್ಪಾ. ನಿಮ್ಮಪ್ಪ, ನಿಮ್ಮಜ್ಜ ಯಾರೂ ಮಾಡಿದ್ದಿಲ್ಲೋ ಇದನ್ನ" ಎಂದಳು ನೀಲವ್ವ. ಟಿವಿಯ ಮುದುಕಿಯನ್ನು ನೋಡಿ ಅತ್ತವಳು, ಕೆರೂರಿನಲ್ಲಿ ಅಳದವಳು, ಈಗ ಅಳುತ್ತಿದ್ದಳು.

ಮಾಂತೇಶ ನನ್ನ ಕಡೆ ನೋಡಿದ, ಕೆರೂರಿನಿಂದ ಬಂದ ಮೇಲೆ ಮೊದಲ ಸಲ.

"ಯಾವತ್ತ, ಯಾರ, ಕ್ಯಾಮರಾ ಹಿಡ್ಕೊಂಡ ಬರ್ತಾರ ಯಾರಿಗೆ ಗೊತ್ರಿ ಅಕ್ಕಾರ? ಬರ್ಲಿ. ಈ ಮನಿ ಮಗ್ಗ ನಿಂತೈತಿ ಅಂತ ಅನ್ನಾಕ ಬರಬಾರದು."

ಕತ್ತಲಾಗುವವರೆಗೂ ನೇಯ್ದ. ಆ ದಿನ ಯಾರೂ ಬರಲಿಲ್ಲ.